ಅರವತ್ತರ ಗೆರೆ ಮುಟ್ಟಬೇಕಾದ ಮುಳ್ಳು

ಬೆಳಗಿನ ಐದೂಮುಕ್ಕಾಲು. ಶೆಡ್ಡಿನ ಮುಂದೆ ನಿಂತಿರುವ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಬಾಗಿಲಿನಿಂದ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿವೆ. ಉಳಿದ ಮುಳ್ಳಕ್ಕ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ವೇಗದ ಮೀಟರಿಗೆ ಕೇಬಲ್ ತಿರುಪುತ್ತಿದ್ದಾರೆ. ಕಚ್ಚಿಕೊಂಡೇ ಏನೋ ಗೊಣಗುತ್ತಾರೆ. ಪಕ್ಕದಲ್ಲಿ ಲೋಟ ಹಿಡಿದು ನಿಂತ ಸೊಸೆಗೆ ಮಾತ್ರ ಅದು ಅರ್ಥವಾಗುತ್ತದೆ. "ಚಹಾ ಆಮೇಲಂತೆ," ಎಂದು ಆಕೆ ಒಳಗೆ ಹೋಗುತ್ತಾಳೆ.

ವಾಹನಗಳ ಮೀಟರಿಗೆ ಮುಳ್ಳು ಕೂರಿಸುವುದರಲ್ಲೇ ನಲವತ್ತೊಂದು ವರ್ಷ ಕಳೆದಿರುವುದರಿಂದ ಮೆಕ್ಯಾನಿಕ್ಕುಗಳು ಇಟ್ಟ ಹೆಸರು ಮುಳ್ಳಕ್ಕ. ವಯಸ್ಸು ಅರವತ್ತೆರಡು. ತಂದೆ ಗಡಿಯಾರ ರಿಪೇರಿಯವರು, ಗಂಡ ಬಸ್ ಚಾಲಕ. ಒಂದು ದಿನ ಗಂಡ ಕೆಟ್ಟ ಮೀಟರೊಂದನ್ನು ಬಿಚ್ಚಿ ತಂದು ಊಟದ ಮೇಜಿನ ಮೇಲಿಟ್ಟರಂತೆ. "ಇದೂ ಗಡಿಯಾರದ ತಮ್ಮನೇ, ನೋಡು ಅಂದ್ರು. ಅವತ್ತಿಂದ ನಮ್ಮನೇಲಿ ಆ ಮೇಜಿನ ಮೇಲೆ ಯಾರೂ ಊಟ ಮಾಡಿಲ್ಲ," ಎಂದು ನಗುತ್ತಾರೆ.

ಮಗನಿಗೆ ಆರು ವರ್ಷವಾಗಿದ್ದಾಗ ಗಂಡ ತೀರಿಕೊಂಡರು. ವಾರಕ್ಕೆ ಮೂರು ಮೀಟರು, ಅದರಲ್ಲೇ ಮನೆ ನಡೆಯಬೇಕು. ಗ್ಯಾರೇಜುಗಳು ಕೆಲಸ ಕೊಡುತ್ತಿದ್ದವು, ಮಾಡಿದವರು ಯಾರೆಂದು ಗಿರಾಕಿಗೆ ಹೇಳುತ್ತಿರಲಿಲ್ಲ. ಮೀಟರಿನ ಹಿಂದೆ ಕೂರಿಸುವ ಹಿತ್ತಾಳೆ ಫಲಕದಲ್ಲಿ ಹೆಸರು ಗ್ಯಾರೇಜಿನದು, ಬೆರಳು ಸವೆದದ್ದು ಮುಳ್ಳಕ್ಕನದು.

ಈ ಕೆಂಪು ಕಾರು ನಿವೃತ್ತ ದಂತವೈದ್ಯೆಯೊಬ್ಬರದು. ಸಿಕ್ಕಾಗ ಸೀಟಿನಲ್ಲಿ ಕೋಳಿ ಕಾವು ಕೂತಿತ್ತಂತೆ. ಡ್ಯಾಶ್‌ಬೋರ್ಡಿನ ಮರ ಸೀಳುಬಿಟ್ಟಿತ್ತು, ಐದು ಮೀಟರುಗಳಲ್ಲಿ ಒಂದಕ್ಕೂ ಜೀವವಿರಲಿಲ್ಲ. ಮೂರು ತಿಂಗಳಲ್ಲಿ ಮರಕ್ಕೆ ಏಳು ಸಲ ವಾರ್ನಿಷ್ ಬಿದ್ದಿದೆ, ಅಳಿಸಿಹೋಗಿದ್ದ ಅಂಕಿಗಳೆಲ್ಲ ನಾಲ್ಕೇ ಕೂದಲಿನ ಕುಂಚದಿಂದ ಮರಳಿ ಬಂದಿವೆ. ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ಮುಳ್ಳಕ್ಕನಿಗೆ ಇಂದು ಆ ತಂಪಿಲ್ಲ.

ಕಾರಣ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಅವರು ಮುಟ್ಟಿದ ಮೊದಲ ಕೆಲಸವಿದು. ಪಟ್ಟಿ ಬಿಚ್ಚಿದ ದಿನ ಎಲ್ಲವೂ ಫಳಫಳ ಕಂಡಿತು, ಖುಷಿಗೆ ವೇಗದ ಮೀಟರಿನ ಮುಳ್ಳನ್ನು ಸರಕ್ಕನೆ ಎಳೆದುಬಿಟ್ಟರು. ಸೊನ್ನೆಯ ಬಳಿ ಮುಳ್ಳನ್ನು ತಡೆಯುವ ಪುಟ್ಟ ಮೊಳೆಯಿರುತ್ತದೆ. ಮುಳ್ಳನ್ನು ಮೊದಲು ಆ ಮೊಳೆ ದಾಟಿಸಿ, ಅದು ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಬೇಕು, ಆಮೇಲೆ ಎಳೆಯಬೇಕು. ಗುರುತಿಲ್ಲದಿದ್ದರೆ ಮತ್ತೆ ಕೂರಿಸುವುದು ಬರೀ ಅಂದಾಜು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ತಮಗೆ ತಾವೇ ಹೇಳಿಕೊಂಡು, ಅಂದೇ ಕಾರಿನ ಒಡತಿ ದಂತವೈದ್ಯೆಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಇಂದು ಈ ಮುಳ್ಳನ್ನು ನಿಜಕ್ಕೆ ತರಲಾಗದಿದ್ದರೆ ಸಾಮಾನಿನ ಪೆಟ್ಟಿಗೆ ಕಟ್ಟಿಡುವುದಾಗಿ ಸೊಸೆಗೆ ಹೇಳಿಯೂ ಆಗಿದೆ. "ಮುಳ್ಳು ಸುಳ್ಳು ಹೇಳಿದ್ರೆ ಕಣ್ಣೂ ಹೇಳ್ತಿದೆ ಅಂತ್ಲೇ ಲೆಕ್ಕ. ಅಂಥ ಕಣ್ಣಿಟ್ಕೊಂಡು ಕೆಲಸ ಮಾಡಬಾರದು."

ಆರೂವರೆಗೆ ವೈದ್ಯೆ ಬರುತ್ತಾರೆ. ಎಂಜಿನ್ ಗುಡುಗುತ್ತದೆ, ಆಯಿಲ್ ಒತ್ತಡದ ಮುಳ್ಳು ಟಣ್ಣನೆ ಏಳುತ್ತದೆ. ಮುಳ್ಳಕ್ಕ ಸ್ಟಾಪ್‌ವಾಚು ಹಿಡಿದು ಪಕ್ಕದ ಸೀಟಿನಲ್ಲಿ ತುದಿಗಾಲಲ್ಲಿ ನಿಂತಂತೆ ಕೂತಿದ್ದಾರೆ. ಪರೀಕ್ಷೆ ಸರಳ. ಮುಳ್ಳು ಅರವತ್ತರಲ್ಲೇ ನಿಂತಿರಬೇಕು. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಸರಿಯಾಗಿ ಅರವತ್ತು ಸೆಕೆಂಡು ಹಿಡಿಯಬೇಕು.

ಖಾಲಿ ರಸ್ತೆ, ಕಿವಿಯಲ್ಲಿ ಗಾಳಿ. ಕಲ್ಲು ಬಂತು, ವಾಚು ಒತ್ತಿದರು. ಮುಂದಿನ ಕಲ್ಲು ಬಂದಾಗ ಐವತ್ತೇಳು.

"ಮೂರು ಸೆಕೆಂಡು ತಾನೇ ಅಮ್ಮಾ, ಬಿಡಿ," ಎನ್ನುತ್ತಾರೆ ವೈದ್ಯೆ.

"ನೀವು ಪಕ್ಕದ ಹಲ್ಲು ಕಿತ್ತು, 'ಬಿಡಿ' ಅಂದಿದ್ರೆ ನಾನು ಬಿಡ್ತಿದ್ನಾ ಡಾಕ್ಟ್ರೇ? ಗಾಡಿ ನಿಲ್ಲಿಸಿ."

ರಸ್ತೆ ಬದಿಯಲ್ಲಿ, ಮಡಿಲ ಮೇಲೆ ಬಿಳಿ ಬಟ್ಟೆ ಹಾಸಿ ಮೀಟರು ಬಿಚ್ಚುತ್ತಾರೆ. ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತಿದೆ, ಕೂದಲೆಳೆಯಷ್ಟು ಮುಂದೆ ಕೂರಬೇಕು. ಚಿಮುಟ ಹಿಡಿದ ಕೈ ಅಲುಗುವುದಿಲ್ಲ. ವೈದ್ಯೆ ಬಗ್ಗಿ ನೋಡುತ್ತಾರೆ. ಮುಳ್ಳಕ್ಕ ಹೆಬ್ಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತುತ್ತಾರೆ, ಅಷ್ಟೆ.

ಮತ್ತೆ ರಸ್ತೆ. ಮತ್ತೆ ಅರವತ್ತು. ಕಲ್ಲು ಹಿಂದಾಯಿತು. ಐವತ್ತೆಂಟು, ಐವತ್ತೊಂಬತ್ತು ಎಂದು ಇಬ್ಬರೂ ಜೋರಾಗಿ ಎಣಿಸುತ್ತಾರೆ. ಅರವತ್ತು ಎಂದಾಗ ಮುಂದಿನ ಕಲ್ಲು ಮುಳ್ಳಕ್ಕನ ಮೊಣಕೈ ಪಕ್ಕದಲ್ಲಿದೆ. ವೈದ್ಯೆ ಹಾರ್ನ್ ಒತ್ತಿದ್ದೇ ಒತ್ತಿದ್ದು. ಮುಳ್ಳಕ್ಕ ಕಣ್ಣೊರೆಸಿಕೊಂಡು, ಗಾಳಿಗೆ ನೀರು ಬಂತು ಎನ್ನುತ್ತಾರೆ. ಖುಷಿಗೆ ಬಂದದ್ದೆಂದು ಒಪ್ಪಲು ಎರಡು ಕಿಲೋಮೀಟರು ಬೇಕಾಗುತ್ತದೆ.

ಅಷ್ಟರಲ್ಲಿ ಸೊಸೆಯ ಫೋನು. "ಏನಾಯ್ತತ್ತೆ? ಹಳೇ ಜೀಪಿನವರು ಬಂದು ಬಾಗಿಲಲ್ಲೇ ನಿಂತಿದ್ದಾರೆ. ಅವರ ಮೀಟರೂ ಕೆಟ್ಟಿದೆಯಂತೆ. ಆಗಲ್ಲ ಅಂತ ಹೇಳಿ ಕಳಿಸ್ಲಾ?"

"ಕೂರಿಸಿ ಚಹಾ ಕೊಡು," ಎನ್ನುತ್ತಾರೆ ಮುಳ್ಳಕ್ಕ. "ಮುಳ್ಳು ಮಾತ್ರ ಯಾರೂ ಮುಟ್ಟಬೇಡಿ. ನಾನೇ ಬಂದು ತೆಗೀತೀನಿ."