ಗೊಬ್ಬರದಂಗಡಿ ಮೇಲಿನ ಕಾರ್ಯಾಲಯ

ಹೋದ ತಿಂಗಳು ಒಂದು ಬೆಳಗ್ಗೆ ಶಿಕಾರಿಪುರದ ನನ್ನ ಪಂಪ್‌ಸೆಟ್ ಅಂಗಡಿಯ ಮುಂದೆ ಪ್ರಚಾರದ ಆಟೋ ಒಂದು ಕಿರುಚುತ್ತ ಬಂದು ನಿಂತಿತು. ಪಕ್ಷ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಅರ್ಧ ಗಿರಾಕಿಗಳು ಹೋಗುತ್ತಾರೆ. ಯಾವ ಅರ್ಧ ಅನ್ನುವುದು ಮಾತ್ರ ಪ್ರತಿ ಚುನಾವಣೆಗೂ ಬದಲಾಗುತ್ತದೆ. "ಅಂಬ್ಲಿಗೊಳದ ನೀರು ಕೊನೇ ಗದ್ದೆಗೆ ಮುಟ್ಟೋವರೆಗೂ ಈ ಲೋಕೇಶ ನಿದ್ದೆ ಮಾಡೋದಿಲ್ಲ!" ಎಂದಿತು ಮೈಕು. ನನಗೆ ನಗು ಬಂತು. ಲೋಕೇಶ ಎಷ್ಟು ಸೊಗಸಾಗಿ ನಿದ್ದೆ ಮಾಡುತ್ತಾನೆ, ಎಡಗೈಯನ್ನು ಕೆನ್ನೆಯಡಿ ಇಟ್ಟುಕೊಂಡು, ಬಾಯಿ ಸ್ವಲ್ಪವೇ ತೆರೆದು, ಅನ್ನುವುದು ಈ ತಾಲ್ಲೂಕಿನಲ್ಲಿ ಅವನ ಹೆಂಡತಿಯನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತು. ಅಂಬ್ಲಿಗೊಳದ ಡ್ಯಾಮಿನ ನೀರಿಗೂ ಅವನ ನಿದ್ದೆಗೂ ಏನು ಸಂಬಂಧ ಅನ್ನುತ್ತೀರಿ. ಇದೆ ಮಾರಾಯರೇ, ಇದೆ. ಅದನ್ನೇ ಹೇಳಲು ಕೂತಿದ್ದೇನೆ.

ಅಂಗಡಿಯೊಳಗೆ ಆಗ ಚನ್ನಬಸಣ್ಣ ಇದ್ದ. ಜಡೆ ಊರಿನವನು, ನನಗಿಂತ ಎಂಟ್ಹತ್ತು ವರ್ಷ ಹಿರಿಯ, ಮೋಟಾರಿಗೆ ಫುಟ್‌ವಾಲ್ವ್ ಒಯ್ಯಲು ಬಂದಿದ್ದ. ಊರಿಗೆ ಅವನು ಚನ್ನಬಸಣ್ಣ. ನಮ್ಮ ನಾಲ್ಕಾರು ಜನಕ್ಕೆ ಚನ್ನಕ್ಕ. 'ಅವಳು' ಅಂದರೆ ಅವಳಿಗೆ ಇಷ್ಟ, ಹಾಗಾಗಿ ಇನ್ನು ಮುಂದೆ ನಾನೂ ಹಾಗೇ ಬರೆಯುತ್ತೇನೆ. ಮೈಕಿನ ಕಡೆ ಕಿವಿ ಕೊಟ್ಟು ಅವಳೆಂದಳು: "ಕೇಳಿದ್ಯನ ತಮ್ಮಾ, ನಾವು ಹೇಳಿಕೊಟ್ಟ ಮಾತನ್ನೇ ಇವತ್ತಿಗೂ ಒದರ್ತಾನೆ. ಹೊಸದೊಂದು ಕಲ್ತಿಲ್ಲ."

ನಮ್ಮ ಕಡೆ ಮದುವೆಯಾಗದೆ ಉಳಿದ ಗಂಡಸಿಗೆ ಮರ್ಯಾದೆಯ ದಾರಿ ಎರಡೇ: ಮಠ, ಇಲ್ಲವೇ ಪಕ್ಷ. ಮಠದಲ್ಲಿ ನಸುಕಿಗೇ ಎದ್ದು ತಣ್ಣೀರು ಸುರಿದುಕೊಳ್ಳಬೇಕು. ನನಗೆ ಶೀತದ ಮೈ. ಆದ್ದರಿಂದ ಪಕ್ಷ. "ಯಾಕ್ರೀ ಇನ್ನೂ ಮದುವಿ ಆಗ್ಲಿಲ್ಲ?" ಎಂದು ಯಾರಾದರೂ ಕೇಳಿದರೆ ನಮ್ಮಮ್ಮ ನಿಟ್ಟುಸಿರು ಬಿಟ್ಟು, "ಅವನಿಗೆ ಪಕ್ಷನೇ ಎಲ್ಲ" ಅನ್ನುತ್ತಿದ್ದಳು. ಕೇಳಿದವರು ಗೌರವದಿಂದ ತಲೆಯಾಡಿಸುತ್ತಿದ್ದರು. ದೇಶಕ್ಕಾಗಿ ನಾನೇನೂ ಮಾಡಿದ್ದಿಲ್ಲ. ದೇಶ ಮಾತ್ರ ನನಗೊಂದು ಒಳ್ಳೆಯ ನೆಪ ಒದಗಿಸಿತ್ತು.

ಆ ಪಕ್ಷದ ಕಾರ್ಯಾಲಯ ಇದ್ದದ್ದು ಸೊರಬದಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ. ನಮ್ಮ ಮುಖಂಡರು, ಎಲ್ಲರೂ ಸಾಹೇಬ್ರು ಅನ್ನುತ್ತಿದ್ದವರು, ಚುನಾವಣೆ ಇರಲಿ ಬಿಡಲಿ ಅದನ್ನು ವರ್ಷವಿಡೀ ಬಾಡಿಗೆಗೆ ಹಿಡಿದಿದ್ದರು. ಬೋರ್ಡು ಇಳಿಸಿದರೆ ಎದುರು ಪಾರ್ಟಿಯವರು ನಗುತ್ತಾರೆಂಬ ಭಯ. ಕೀ ಚನ್ನಕ್ಕನ ಹತ್ತಿರ. ಸಂತೆ ದಿನ ಮಧ್ಯಾಹ್ನ ನಾವು ಐದಾರು ಮಂದಿ ಒಬ್ಬೊಬ್ಬರಾಗಿ ಮರದ ಮೆಟ್ಟಿಲು ಹತ್ತುತ್ತಿದ್ದೆವು. ನಾನಂತೂ ಬಸ್ಸಿನಲ್ಲಿ ಕಂಡಕ್ಟರ್ ಕೇಳದಿದ್ದರೂ "ಸೊರಬ ಒಂದು, ಪಕ್ಷದ ಮೀಟಿಂಗು" ಅನ್ನುತ್ತಿದ್ದೆ. ಅವನು ಚಿಲ್ಲರೆ ಕೊಡುವಾಗ ಒಂದು ಥರ ನೋಡಿದನೆಂದು ಊರು ಮುಟ್ಟುವವರೆಗೂ ಮುಖ ಕಿಟಕಿಗೆ ತಿರುಗಿಸಿಕೊಂಡೇ ಕೂರುತ್ತಿದ್ದೆ.

ಅಲ್ಲಿ ಏನು ನಡೆಯುತ್ತಿತ್ತು ಅಂತ ಕಣ್ಣರಳಿಸಬೇಡಿ. ಬಹುಪಾಲು ಅವಲಕ್ಕಿ ತಿನ್ನುವುದೇ ನಡೆಯುತ್ತಿತ್ತು. ಕೆಳಗಿನಿಂದ ಯೂರಿಯಾ ವಾಸನೆ, ಗೋಡೆ ಮೇಲೆ ಕೈಮುಗಿದ ನಾಯಕರ ಸಾಲು, ಅವರ ಕೆಳಗೆ ಚನ್ನಕ್ಕ ಪಕ್ಷದ ಶಾಲನ್ನು ಸೆರಗಿನಂತೆ ಹೊದ್ದು ಒಗ್ಗರಣೆ ಹಾಕುವುದು. ಇಷ್ಟೇ. ಆದರೆ ವಾರವೆಲ್ಲ ದನಿ ದಪ್ಪ ಮಾಡಿಕೊಂಡು, ನಡಿಗೆ ಬಿಗಿ ಮಾಡಿಕೊಂಡು ಬದುಕಿದವರಿಗೆ ಅಷ್ಟು ಹೊತ್ತು ಮೈ ಸಡಿಲ ಬಿಟ್ಟು ಕೂರುವುದೆಂದರೆ ಏನು ಅನ್ನುವುದು ಕೂತವರಿಗೇ ಗೊತ್ತು. ಬಳ್ಳಿಗಾವಿಯ ಲೋಕೇಶ ನನಗೆ ಸಿಕ್ಕಿದ್ದು ಅಲ್ಲೇ. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಊಟವಾದ ಮೇಲೆ ಬೆಂಚಿನ ಮೇಲೆ ನನ್ನ ತೊಡೆಗೆ ತಲೆ ಇಟ್ಟು ನಿದ್ದೆ ಹೋಗುತ್ತಿದ್ದ. ನಾನು ಕಾಲು ಜೋಮು ಹಿಡಿದರೂ ಅಲ್ಲಾಡುತ್ತಿರಲಿಲ್ಲ. ನನ್ನ ಜೀವನದಲ್ಲಿ ಚಿಂತೆ ಇಲ್ಲದೆ ಕೂತ ಹೊತ್ತು ಅಂತ ಏನಾದರೂ ಇದ್ದರೆ ಅದು ಆ ಜೋಮಿನ ಹೊತ್ತು.

ಚುನಾವಣೆ ಬಂದಾಗ ಮಾತ್ರ ನಿಜವಾದ ಕಾರ್ಯಕರ್ತರು ನುಗ್ಗಿ ನಮ್ಮನ್ನೇ ಪರಕೀಯರನ್ನಾಗಿ ಮಾಡುತ್ತಿದ್ದರು. ಫಲಿತಾಂಶ ಬಂದು, ಪಟಾಕಿಯ ಕಸ ಗುಡಿಸಿದ ಮೇಲೆ ನಮ್ಮ ರಾಜ್ಯ ಮತ್ತೆ ನಮಗೆ.

ಉಳಿದ ದಿನಗಳಲ್ಲೂ ಯಾರಾದರೂ ಮೇಲೆ ಬರುವುದಿತ್ತು. ಮೆಟ್ಟಿಲು ಕಿರ್ ಅಂದ ತಕ್ಷಣ ನಾವು ದೂರ ದೂರ ಸರಿದು, ಮೇಜು ಗುದ್ದಿ, ಜೋರಾಗಿ ಒಂದೇ ವಿಷಯ ಎತ್ತಿಕೊಳ್ಳುತ್ತಿದ್ದೆವು: ಅಂಬ್ಲಿಗೊಳದ ನೀರು. ಪಂಪಿನ ವ್ಯಾಪಾರದವನಾದ ನನಗೆ ಗೊತ್ತಿದ್ದ ಗಂಭೀರ ವಿಷಯ ಅದೊಂದೇ ಆಗಿತ್ತು. "ಕಾಲುವೆ ಹೂಳು ತೆಗೀದೆ ನೀರು ಬಿಟ್ರೆ ಕೊನೇ ಗದ್ದೆಯವನು ಏನ್ ಮಾಡ್ಬೇಕ್ರೀ?" ಎಂದು ನಾನು ಕೂಗುವುದು. "ಕೊನೇ ಗದ್ದೆಗೆ ಮುಟ್ಟೋವರೆಗೂ ನಿದ್ದೆ ಮಾಡಲ್ಲ!" ಎಂದು ಚನ್ನಕ್ಕ, ಶಾಲು ಹೆಗಲಿಗೆ ಏರಿಸಿಕೊಂಡು, ದಪ್ಪ ದನಿಯಲ್ಲಿ ಗುಡುಗುವುದು. ಅದು ಲೋಕೇಶನ ನಿದ್ದೆಯ ಮೇಲಿನ ಕೀಟಲೆ. ಅವನು ಕಣ್ಣುಜ್ಜಿಕೊಳ್ಳುತ್ತ ಎದ್ದು "ಹೌದು, ಹೌದು" ಅನ್ನುತ್ತಿದ್ದ. ಸೊರಬದ ಮಹಡಿಯಲ್ಲಿ ಕೂತು ಶಿಕಾರಿಪುರದ ಕಡೆಯ ನೀರಿಗೆ ಯಾಕೆ ಹೊಡೆದಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ರಾಜಕೀಯದಲ್ಲಿ ಅದನ್ನೆಲ್ಲ ಕೇಳುವುದಿಲ್ಲ.

ನಮ್ಮ ತಪ್ಪೆಂದರೆ ನಾಟಕ ಅತಿ ಚೆನ್ನಾಗಿ ಆಡಿದ್ದು. ಬಂದು ಕೇಳಿದವರು ಹೊರಗೆ ಹೋಗಿ ಹೇಳಿದರು. ನೀರಿನ ವಿಷಯದಲ್ಲಿ ಜೀವ ಬಿಡುವವರು ಆ ಮಹಡಿ ಮೇಲಿದ್ದಾರೆ ಎಂದು ಸುದ್ದಿಯಾಯಿತು. ರೈತರು ಅಹವಾಲು ಹಿಡಿದು ಬರತೊಡಗಿದರು. ನಾವು ಅವಲಕ್ಕಿ ಮುಚ್ಚಿಟ್ಟು ಆಲಿಸತೊಡಗಿದೆವು. ಕೊನೆಗೊಂದು ದಿನ ಸಾಹೇಬ್ರೇ ಬಂದರು. ಮೆಟ್ಟಿಲ ಮೇಲೇ ನಿಂತು ಕೇಳಿಸಿಕೊಂಡರಂತೆ. ಒಳಗೆ ಬಂದು ಕಣ್ಣು ತುಂಬಿಕೊಂಡು ಅಂದರು: "ಇಂಥ ಹುಡುಗರು ಬೇಕು ನೋಡ್ರಿ. ಹೆಂಡ್ರು ಮಕ್ಕಳ ರಗಳೆ ಇಲ್ಲ, ಪಕ್ಷ ಅಂದ್ರೆ ಪ್ರಾಣ." ಆಮೇಲೆ ಲೋಕೇಶನ ಹೆಗಲ ಮೇಲೆ ಕೈ ಇಟ್ಟರು. ಅವನ ಮುಖ ಫೋಟೋಕ್ಕೆ ಒದಗುವ ಮುಖ. ಅವನ ಕ್ಷೇತ್ರದ ಟಿಕೆಟ್ ಅವನಿಗೇ ಅಂದರು. "ಆದ್ರೆ ತಮ್ಮಾ, ಮೊದ್ಲು ಒಂದು ಮದುವಿ ಆಗಿಬಿಡು. ಒಂಟಿ ಗಂಡಸಿಗೆ ಹೆಣ್ಮಕ್ಕಳು ಓಟು ಹಾಕಲ್ಲ." ಹೆಂಡತಿ ಇಲ್ಲದ್ದಕ್ಕೇ ಮೆಚ್ಚಿ, ಅದೇ ಉಸಿರಿನಲ್ಲಿ ಹೆಂಡತಿ ತಾ ಅಂದ ಮನುಷ್ಯರು ಅವರು.

"ಗೆಲ್ಲೋವರೆಗೂ ಅಷ್ಟೇ ಕಣೋ," ಎಂದ ಲೋಕೇಶ ನನಗೆ. "ಗೆದ್ದ ಮ್ಯಾಲೆ ನಮ್ಮಂಥೋರಿಗೂ ಏನಾದ್ರೂ ಮಾಡ್ತೀನಿ. ಒಳಗೆ ಒಬ್ಬ ಇರಬೇಕಲ್ಲ?" ನಾನು ನಂಬಿದೆ. ಎಲ್ಲದಕ್ಕೂ ಹೆದರುವ ನಾನು, ಸ್ಟಾರ್ಟರ್ ಬಾಕ್ಸಿನ ಸ್ಕ್ರೂ ಮೂರು ಸಲ ನೋಡುವ ನಾನು, ಹೆದರಲೇಬೇಕಾದ ಜಾಗದಲ್ಲಿ ಹೆದರಲಿಲ್ಲ. ಅವನ ಮದುವೆಯಲ್ಲಿ ಬಡಿಸಲೂ ನಿಂತೆ. ಅವನ ಹೆಂಡತಿ ಒಳ್ಳೆಯ ಹೆಣ್ಣುಮಗಳು. ಅವಳಿಗಾದ ಮೋಸದ ಲೆಕ್ಕ ಯಾರೂ ಕೇಳಿಲ್ಲ, ನಾನೂ ಸೇರಿ.

ಲೋಕೇಶ ಗೆದ್ದ. ಮುಂದೆ ಕೆಲವು ವರ್ಷಕ್ಕೆ ದಿಲ್ಲಿಯ ಸುಪ್ರೀಂ ಕೋರ್ಟು ನಮ್ಮಂಥವರು ಅಪರಾಧಿಗಳಲ್ಲ ಎಂದು ತೀರ್ಪು ಕೊಟ್ಟಿತು. ಚನ್ನಕ್ಕ ಕೇಸರಿಬಾತ್ ಮಾಡಿ ತಂದಳು. ಆದರೆ ನೋಡಿ, ಅಲ್ಲಿಯವರೆಗೆ ಸೊರಬದಲ್ಲಿ ನಮ್ಮನ್ನು ಕರೆಯಲು ಮರ್ಯಾದಸ್ಥರ ಬಾಯಲ್ಲಿ ಪದವೇ ಇರಲಿಲ್ಲ. ಹೆಸರಿಲ್ಲದ್ದನ್ನು ಯಾರು ಹುಡುಕುತ್ತಾರೆ? ನಾವು ಬ್ರಹ್ಮಚಾರಿಗಳು, ತ್ಯಾಗಿಗಳು, ಪಕ್ಷನಿಷ್ಠರು. ಆ ವಾರ ಟಿವಿಯವರು ಮನೆಮನೆಗೂ ಪದ ಹಂಚಿದರು. ಹೋಟೆಲಿನಲ್ಲಿ ಟೀ ಹೀರುತ್ತ ಜನ 'ಸಲಿಂಗಿ' ಅಂದು ನಾಲಗೆ ಹೊರಳಿಸಿ ನೋಡಿದರು. ಪದ ಸಿಕ್ಕಿದ ಮೇಲೆ ಅದನ್ನು ಅಂಟಿಸಲು ಮುಖ ಬೇಕಲ್ಲ? ತಲೆ ಎತ್ತಿ ನಮ್ಮ ಮಹಡಿಯ ಕಿಟಕಿ ನೋಡಿದರು. "ಅಲ್ಲಿ ಯಾಕ್ರೀ ಬರೀ ಗಂಡಸ್ರೇ ಕೂರ್ತಾರೆ?" ಎಂದು ಎದುರು ಪಾರ್ಟಿಯವರು ಎತ್ತಿದರು. ಅವರ ಕಾರ್ಯಾಲಯದಲ್ಲೂ ಬರೀ ಗಂಡಸರೇ ಕೂರುತ್ತಿದ್ದರು. ಈ ರಾಜ್ಯದ ಯಾವ ಪಕ್ಷದ ಯಾವ ಕಾರ್ಯಾಲಯದಲ್ಲಿ ಬರೀ ಗಂಡಸರು ಕೂರುವುದಿಲ್ಲ, ಹೇಳಿ?

ಕೀ ಕೇಳಲು ಲೋಕೇಶನೇ ಬಂದ. ಬಿಳಿ ಅಂಗಿ, ಜೊತೆಗೆ ಇಬ್ಬರು. ಅವರನ್ನು ಕೆಳಗೇ ನಿಲ್ಲಿಸಿ ಮೇಲೆ ಬಂದು, "ಅಕ್ಕಾ, ಕೀ ಕೊಡು. ರೂಮನ್ನ ಮಹಿಳಾ ಘಟಕಕ್ಕೆ ಬಿಟ್ಟುಕೊಡ್ತಿದೀವಿ. ಹಂಗ್ ಮಾಡಿದ್ರೆ ಎಲ್ಲರ ಬಾಯಿ ಮುಚ್ತೈತಿ" ಅಂದ.

"ಮಹಿಳಾ ಘಟಕನಾ?" ಚನ್ನಕ್ಕ ಒಲೆ ಆರಿಸಿದಳು. "ಹಂಗಾರೆ ನಾನು ಇಲ್ಲೇ ಇರಬಹುದಲ್ಲ ಮಾರಾಯ."

ಲೋಕೇಶ ನಗಲಿಲ್ಲ. "ನಿಮಗೆ ತಮಾಷಿ. ನಂಗೆ ಮುಂದಿನ ಎಲೆಕ್ಷನ್ ಐತಿ."

"ಒಳಗೆ ಒಬ್ಬ ಇರಬೇಕು ಅಂದಿದ್ದೆ," ಎಂದೆ ನಾನು.

"ಇದೀನಲ್ಲ," ಎಂದ. "ಒಳಗೆ ಉಳಿಯೋದಕ್ಕೇ ಕೀ ಕೇಳ್ತಿದೀನಿ."

ಚನ್ನಕ್ಕ ಕೀಯನ್ನು ಅವನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು. ಮಹಿಳಾ ಘಟಕದ ಹೆಂಗಸರಿಗೂ ಅದು ಸಿಗಲಿಲ್ಲವೆಂದು ಆಮೇಲೆ ಕೇಳಿದೆ. ಈಗ ಅಲ್ಲಿ ಯೂರಿಯಾ ಮೂಟೆಗಳಿವೆ. ನಮ್ಮವರು ಚೆದುರಿದರು. ಈಚೆಗೆ ನಮ್ಮಂಥವರು ಮೊಬೈಲಿನ ಆ್ಯಪಿನಲ್ಲೇ ಭೇಟಿಯಾಗಬಹುದಂತೆ. ಒಮ್ಮೆ ತೆರೆದು ನೋಡಿದೆ, ತಲೆಯಿಲ್ಲದ ಎದೆಯ ಫೋಟೋಗಳು ಇಷ್ಟು ಕಿಲೋಮೀಟರ್ ದೂರ ಎಂದು ಹೇಳಿಕೊಂಡಿದ್ದವು. ಅವಲಕ್ಕಿ ಎಲ್ಲಿ ಸಿಗುತ್ತದೆಂದು ಅದರಲ್ಲಿ ಇರಲಿಲ್ಲ. ನಮ್ಮ ಅಂಗಡಿಯ ವೈರಿಂಗ್ ಹುಡುಗನಿಗೆ ಕಂಡೀತೆಂದು ಅಳಿಸಿಹಾಕಿದೆ.

ಆ ಬೆಳಗ್ಗೆ ಆಟೋ ಹಿಂದೆಯೇ ಲೋಕೇಶನೂ ನಡೆದು ಬಂದ. ಹಿಂದೆ ಮೂವತ್ತು ನಲವತ್ತು ಜನ. ಅಂಗಡಿ ಮೆಟ್ಟಿಲೇರಿ, "ಏನ್ರೀ ಸಾವ್ಕಾರ್ರೇ, ಆರಾಮಾ?" ಎಂದು ನನಗೆ ಕೈಮುಗಿದ. ಸಾವ್ಕಾರ್ರೇ! ಆಮೇಲೆ ಅವಳ ಕಡೆ ತಿರುಗಿ, "ಚನ್ನಬಸಣ್ಣೋರೇ, ತಮ್ಮ ಆಶೀರ್ವಾದ ಬೇಕು" ಅಂದ.

ಚನ್ನಕ್ಕ ಫುಟ್‌ವಾಲ್ವ್ ಕೆಳಗಿಟ್ಟಳು. "ಚನ್ನಕ್ಕ ಅನ್ನು," ಎಂದಳು. ಜೋರಾಗೇನೂ ಅಲ್ಲ. "ಮೊದಲು ಹಂಗೇ ಅಂತಿದ್ಯಲ್ಲ."

ಲೋಕೇಶನ ಮುಖದಲ್ಲಿ ಒಂದು ಕ್ಷಣ, ಒಂದೇ ಕ್ಷಣ, ನನ್ನ ತೊಡೆಯ ಮೇಲೆ ಎಚ್ಚರಾಗುತ್ತಿದ್ದ ಹುಡುಗ ಕಂಡ. ಆಮೇಲೆ ನಾಯಕ ಬಂದ. "ನಮ್ಮ ಬಸಣ್ಣೋರು ಮೊದಲಿಂದ ಹಿಂಗೇ, ಭಾಳ ತಮಾಷಿ ಮನುಷ್ಯ!" ಎಂದು ಗುಂಪಿನ ಕಡೆ ನೋಡಿ ನಕ್ಕ. ನಲವತ್ತು ಜನವೂ ನಕ್ಕರು. ಅವರಿಗೆ ನಗುವುದು ಸುಲಭ, ಮುಂದಿನವನು ನಕ್ಕರೆ ಸಾಕು.

"ತಮಾಷೆ ಅಲ್ಲ," ಎಂದೆ.

ನನ್ನ ದನಿಯೇ ಅದು. ಕೇಳಿ ನನಗೇ ಗಾಬರಿಯಾಯಿತು. ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು. ಲೋಕೇಶ ಕೇಳಿಸದವನಂತೆ ಇಳಿದು ಹೋದ.

ಮರುವಾರದಿಂದ ಚನ್ನಕ್ಕ ಸಂತೆ ಮುಗಿಸಿ ಬಸ್ಸು ಹತ್ತಿ ನನ್ನ ಅಂಗಡಿಗೇ ಬರುತ್ತಾಳೆ. ಶಟರ್ ಪೂರ್ತಿ ಮೇಲಿರುತ್ತದೆ, ಕುರ್ಚಿ ರಸ್ತೆಗೇ ಮುಖ ಮಾಡಿರುತ್ತದೆ, ಟೀ ಎದುರಿನ ಹೋಟೆಲಿನಿಂದ ಬರುತ್ತದೆ. ಒಬ್ಬಿಬ್ಬರು ಹಳೆಯ ಗಿರಾಕಿಗಳು ಈಗ ಪಕ್ಕದ ಅಂಗಡಿಗೆ ಹೋಗುತ್ತಿದ್ದಾರೆ. ಅಲ್ಲಿ ಪೈಪು ಚೆನ್ನಾಗಿಲ್ಲ, ಅನುಭವಿಸಲಿ. ನನ್ನ ಹೆದರಿಕೆಯೇನೂ ಹೋಗಿಲ್ಲ. ರಸ್ತೆಯಲ್ಲಿ ಬೈಕು ನಿಧಾನವಾದರೆ ಸಾಕು, ರಸೀದಿ ಪುಸ್ತಕ ತೆರೆದು ಏನೋ ಬರೆಯುವವನಂತೆ ಕೂರುತ್ತೇನೆ. ನಿನ್ನೆ ಒಬ್ಬ ಮೆಟ್ಟಿಲ ಹತ್ತಿರ ನಿಂತು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಕೇಳಿದ: "ಏನ್ರೀ, ಏನ್ ವಿಷಯ, ಇಬ್ಬರೂ ಇಲ್ಲಿ?"

ಚನ್ನಕ್ಕ ನನ್ನ ಮುಖ ನೋಡಿದಳು. ನಾನು ಟೀ ಲೋಟ ಕೆಳಗಿಟ್ಟೆ.

"ವಿಷಯ ಏನಿಲ್ಲ," ಅಂದೆ. "ಕೂತಿದೀವಿ."