ಬೀಗಿತ್ತಿಯ ಫ್ಯಾನಿನ ವಿಮಾನ

ನನ್ನ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಹುಬ್ಬಳ್ಳಿಯಿಂದ ವಿಮಾನದಲ್ಲಿ ಬರುತ್ತಾರೆ. ಮಲಗಿಕೊಂಡು ಬರುವ ರೈಲಿದೆ, ಬಸ್ಸಿದೆ. ಆದರೂ ವಿಮಾನ. ಟಿಕೆಟ್ಟು ಅವರ ಮಗ ತೆಗೆಸಿಕೊಡುತ್ತಾನೆ. ಬಾಗಲಗುಂಟೆಯ ನಮ್ಮ ಮನೆ ಮುಂದೆ ಕಾರಿನಿಂದ ಇಳಿಯುವಾಗ ಅವರ ಸೀರೆಯ ನೆರಿಗೆ ಕೂಡ ಕೆಟ್ಟಿರುವುದಿಲ್ಲ. ನಾನು ನಮ್ಮೂರು ಶಿರಾಕ್ಕೆ ಹೋಗಿ ಬಸ್ಸಿನಲ್ಲಿ ವಾಪಸ್ಸು ಬಂದು ಇಳಿದರೆ ತಲೆ ಪೊರಕೆಯಾಗಿರುತ್ತದೆ.

ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಕರೆಯುವಷ್ಟು ನಾನು ಓದಿಲ್ಲ.

ವಿಮಾನಕ್ಕಾಗಿ ಅಲ್ಲ, ಮೊಮ್ಮಗಳಿಗಾಗಿ. ಅವಳಿಗೆ ಎಂಟು ವರ್ಷ. ದಿನಾ ಬೆಳಿಗ್ಗೆ ಎಬ್ಬಿಸುವವಳು ನಾನು, ಹೇನು ನೋಡಿ ಜಡೆ ಹಾಕುವವಳು ನಾನು, ಬೈದು ಉಣ್ಣಿಸುವವಳೂ ನಾನೇ. ಆದರೆ ರಜೆ ಬಂತೆಂದರೆ ಮಕ್ಕಳು ಹೋಗುವುದು ತಾಯಿಯ ತವರಿಗೆ. ಅದೇ ರೂಢಿ. ಒಂದೇ ಮನೆಯಲ್ಲಿ ಇರುವ ನಾನು ಅವಳನ್ನು ಎಲ್ಲಿಗೆಂದು ಕರೆದುಕೊಂಡು ಹೋಗಲಿ? ವರ್ಷವಿಡೀ ಅಜ್ಜಿ ನಾನು, 'ಅಜ್ಜಿ ಮನೆ' ಮಾತ್ರ ಇನ್ನೊಬ್ಬರದು.

ಈ ಸಲದ ರಜೆಗೆ ಬೀಗಿತ್ತಿ ತಾವೇ ಬಂದು ಮಗುವನ್ನು ವಿಮಾನದಲ್ಲಿ ಕರೆದೊಯ್ಯುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಎಲ್ಲೋ, ಬೀಗಿತ್ತಿ ಬರುವಂಥದೇ ರೆಕ್ಕೆಗೆ ಫ್ಯಾನಿರುವ ಒಂದು ಸಣ್ಣ ವಿಮಾನ ಇಳಿಯುವಾಗ ದಾರಿ ತಪ್ಪಿ ಮಣ್ಣಿಗೆ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಟೀವಿಯವರಿಗೆ ಮಾತ್ರ ಹಬ್ಬವಾಯಿತು. ಸಣ್ಣ ವಿಮಾನಗಳು ಹಳೆಯವು, ಅವುಗಳ ಚರಿತ್ರೆ ಸರಿಯಿಲ್ಲ ಎಂದು ಒಬ್ಬ ಕೂಗುತ್ತಿದ್ದ. ರಸ್ತೆಯಲ್ಲಿ ಸಾಯುವವರ ಮುಂದೆ ಇದೆಲ್ಲ ಏನೂ ಅಲ್ಲ ಎಂದು ಇನ್ನೊಬ್ಬ. ಅರ್ಧ ನನಗೆ ಅರ್ಥವಾಗಲಿಲ್ಲ. ನನಗೆ ಬೇಕಾದ ಅರ್ಧ ಚೆನ್ನಾಗಿಯೇ ಅರ್ಥವಾಯಿತು. ಎಲ್ಲರೂ ಊಟಕ್ಕೆ ಕೂತಾಗ ಟೀವಿಯ ಸದ್ದು ಜಾಸ್ತಿ ಮಾಡಿದೆ.

"ನೋಡೇ, ಬರೀ ಎರಡು ಫ್ಯಾನು. ಒಂದು ನಿಂತೋದ್ರೆ ಏನ್ ಗತಿ?" ಎಂದು ಮೊಮ್ಮಗಳಿಗೆ ಹೇಳಿದೆ.

"ಇನ್ನೊಂದಿರುತ್ತಲ್ಲಜ್ಜಿ," ಎಂದಳು ಬಾಯಿತುಂಬ ಅನ್ನ ಇಟ್ಟುಕೊಂಡು.

ಮಗ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಓಡಿಸುತ್ತಾನೆ. "ಚಿಕ್ಕದು ದೊಡ್ಡದು ಅಂತಲ್ಲ ಕಣಮ್ಮ, ಸರ್ವಿಸ್ ಸರಿಯಾಗ್ ಮಾಡಿದ್ರೆ ಆಯ್ತು," ಎಂದ.

"ಮಾಡವ್ರೋ ಇಲ್ವೋ ನೀನೇನ್ ಹೋಗಿ ನೋಡ್ದಾ?"

"ಅದ್ ನಂಗೆಂಗಮ್ಮ ಗೊತ್ತಾಗುತ್ತೆ?"

"ಗೊತ್ತಿಲ್ದೆ ಇರೋದ್ರಾಗೆ ಮಗೀನ ಕೂರುಸ್ತೀಯಾ?"

ಮಗ ಅನ್ನಕ್ಕೆ ಸಾರು ಬಡಿಸಿಕೊಂಡ. ಸೊಸೆ ಬಿಡಲಿಲ್ಲ. "ಅತ್ತೆ, ನಮ್ಮಮ್ಮ ಎಷ್ಟು ವರ್ಷದಿಂದ ಅದ್ರಲ್ಲೇ ಓಡಾಡ್ತಿದಾರೆ. ಒಂದ್ಸಲನಾದ್ರೂ ಬೇಡ ಅಂದ್ರಾ?"

ಅಂದಿರಲಿಲ್ಲ. ಬೀಗಿತ್ತಿ ಹಾರಿದರೆ ನನಗೇನು?

ಅವರು ಬಂದರು, ಎರಡು ದಿನ ಇದ್ದರು. ಹೊರಡುವ ಬೆಳಿಗ್ಗೆ ಮಗ ಇಬ್ಬರನ್ನೂ ಕಾರಿನಲ್ಲಿ ಬಿಟ್ಟುಬರಲು ಹೋದ, ವಿಮಾನ ಏಳುವವರೆಗೆ ಅಲ್ಲೇ ಇದ್ದು ಬರುತ್ತೇನೆಂದ. ನಾನು ಒಳಗೆ ಅವರೆಕಾಳು ಹಿಸುಕುತ್ತ ಕೂತೆ. ವಿಮಾನ ಬೀಳಲಿ ಎಂದು ಬಯಸಲಿಲ್ಲ, ಅಷ್ಟು ಕೆಟ್ಟವಳಲ್ಲ ನಾನು. ಏಳದೆ ಅಲ್ಲೇ ನಿಂತರೆ ಸಾಕು ಎಂದುಕೊಂಡೆ.

ಮಧ್ಯಾಹ್ನ ನೋಡಿದರೆ ಮೂವರೂ ವಾಪಸ್ಸು ಬಂದಿದ್ದಾರೆ! ಎಲ್ಲರನ್ನೂ ವಿಮಾನದೊಳಗೆ ಕೂರಿಸಿದ ಮೇಲೆ ಒಂದು ಫ್ಯಾನು ತಿರುಗಿತಂತೆ, ಇನ್ನೊಂದು ತಿರುಗಲಿಲ್ಲವಂತೆ. ಇಳಿಸಿ ಕಳಿಸಿಬಿಟ್ಟರಂತೆ.

"ನಾನು ಬಡ್ಕೊಂಡೆ. ಯಾರಾದ್ರೂ ಕೇಳಿದ್ರಾ?" ಎಂದೆ. ಬಾಗಿಲಲ್ಲೇ ಎಂದೆ, ಅವರು ಚಪ್ಪಲಿ ಬಿಡುವ ಮೊದಲೇ.

"ಹೌದ್ರಿ ಅಕ್ಕಾರ, ಹೇಳಿದ್ರಿ," ಎಂದರು ಬೀಗಿತ್ತಿ. "ಆದ್ರ ಮ್ಯಾಲೆ ಹೋದಮ್ಯಾಲೆ ಕೆಡಲಿಲ್ಲಲ್ರಿ. ನೆಲದ ಮ್ಯಾಲೆ ಇದ್ದಾಗನ ನೋಡಿ ಇಳಿಸಿದ್ರು. ಕಾಳಜಿ ಅಂದ್ರ ಇದ ಅಲ್ಲೇನ್ರಿ?"

"ಕೆಟ್ಟಿದ್ದು ಕೆಟ್ಟಿದ್ದೇ ಕಣ್ರೀ."

"ನಿಮ್ಮ ಬಸ್ಸು ಕೆಟ್ರ ಹೊರಡೂದಕ್ಕಿಂತ ಮೊದ್ಲ ಇಳಸ್ತಾರೇನ್ರಿ?"

"ಬಸ್ಸು ಕೆಟ್ರೆ ಇಳ್ದು ನಡೀಬೋದು. ಅಲ್ಲೇನ್ ಮೋಡದ್ ಮೇಲೆ ನಡೀತೀರಾ?"

"ನಿಮ್ಮಿಬ್ರನ್ನೂ ಆ ಚಾನೆಲ್‌ನಲ್ಲೇ ಕೂರಿಸ್ಬೇಕು," ಎಂದು ಮಗ ನಕ್ಕ.

ಮೊಮ್ಮಗಳು ನಗಲಿಲ್ಲ. ಬೆನ್ನ ಮೇಲಿನ ಬ್ಯಾಗು ಇಳಿಸಿರಲಿಲ್ಲ, ಶೂ ಬಿಚ್ಚಿರಲಿಲ್ಲ. "ನೀನು ಬೇಡ ಬೇಡ ಅಂದಿದ್ದಕ್ಕೇ ಅದು ಕೆಟ್ಟೋಯ್ತು," ಎಂದಳು ನನಗೆ.

ಆಗ ಬೀಗಿತ್ತಿ ಒಂದು ಕೆಲಸ ಮಾಡಿದರು. "ನಾಳೆ ಬ್ಯಾರೆ ವಿಮಾನದಾಗ ಜಾಗಾ ಕೊಡ್ತಾರಂತ್ರಿ. ಕಳಸೂದು ಬಿಡೂದು ನಿಮಗ ಬಿಟ್ಟಿದ್ದು. ಗಂಡಿನ ಕಡಿಯವ್ರು ನೀವು. ಬ್ಯಾಡ ಅಂದ್ರ ನಾ ಒಬ್ಬಾಕಿನ ಹೋಗ್ತೀನಿ," ಎಂದರು.

ನಮ್ಮಲ್ಲಿ ಗಂಡಿನ ತಾಯಿಯ ಮಾತನ್ನು ಹೆಣ್ಣಿನ ತಾಯಿ ಮೀರುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಇಷ್ಟು ದಿನ ನಾನು ಕಿತ್ತುಕೊಳ್ಳಲು ನೋಡಿದ್ದನ್ನು ಎಲ್ಲರ ಎದುರು ತಟ್ಟೆಯಲ್ಲಿಟ್ಟು ಕೊಟ್ಟರು. ಕಿತ್ತುಕೊಂಡಿದ್ದರೆ ರುಚಿಯಾಗಿರುತ್ತಿತ್ತು. ಕೊಟ್ಟದ್ದು ಗಂಟಲಲ್ಲಿ ಇಳಿಯಲಿಲ್ಲ.

ಮಗು ನನ್ನನ್ನೇ ನೋಡುತ್ತಿತ್ತು. ಬೇಡ ಎಂದರೆ ರಜೆಯೆಲ್ಲ ಅದೇ ಮುಖವನ್ನು ನಾನು ನೋಡುತ್ತಿರಬೇಕು. ಹುಬ್ಬಳ್ಳಿಯಲ್ಲಿ ಕೂತ ಅಜ್ಜಿ ಅವಳಿಗೆ ಇನ್ನಷ್ಟು ಸಿಹಿಯಾಗುತ್ತಾಳೆ. ದೊಡ್ಡ ಮನಸ್ಸು ಮಾಡಿದೆ ಎಂದು ಯಾರೂ ತಿಳಿಯಬಾರದು. ಲೆಕ್ಕ ಹಾಕಿಯೇ ಹೇಳಿದೆ.

"ಹೋಗ್ಲಿ. ಕಿಟಕಿ ಪಕ್ಕ ಕೂರ್ಸಿ. ಹೊಟ್ಟೆ ತೊಳಸಿದ್ರೆ ನಿಂಬೆಹಣ್ಣು ಮೂಸ್ಸಿ."

ಮೊಮ್ಮಗಳು ಕುಣಿದು ಓಡಿಹೋಗಿ ಸೊಂಟ ತಬ್ಬಿಕೊಂಡಳು. ಹೋಗಲಿ ಎಂದವಳು ನಾನು, ತಬ್ಬಿದ್ದು ಅವರ ಸೊಂಟವನ್ನು.

ಮಾರನೆಯ ದಿನ ವಿಮಾನ ಹಾರಿತು. ಇಳಿದ ಮೇಲೆ ಫೋನು ಬಂತು. ಅಲ್ಲಿಯವರೆಗೆ ನಾನು ಫೋನಿನ ಪಕ್ಕದಿಂದ ಎದ್ದಿರಲಿಲ್ಲ, ಅದು ಬೇರೆ ಮಾತು.

"ಅಜ್ಜೀ, ಮೋಡ ಎಲ್ಲಾ ಕೆಳಗಡೆ ಇತ್ತು!"

"ಭಯ ಆಯ್ತೇನೇ?"

"ಮೇಲೇಳೋವಾಗ ಸ್ವಲ್ಪ. ಹುಬ್ಬಳ್ಳಿ ಅಜ್ಜಿ ಕೈ ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಟೆ."

ಮೋಡದ ವಿಷಯ ಇನ್ನೂ ಏನೋ ಹೇಳುವುದಿತ್ತು ಅವಳಿಗೆ. ನಾನು ಫೋನನ್ನು ಸೊಸೆಯ ಕೈಗೆ ಕೊಟ್ಟೆ.