ಅಂಗೈ ತೋರಿಸಿದರೆ ಮಗ್ಗ ನಿಲ್ಲಬೇಕು

ನಮ್ಮ ಬನಹಟ್ಟಿಗೆ ಹೊಸದಾಗಿ ಬಂದವರು ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತಾರೆ: ಇಲ್ಲಿಯ ಜನ ಯಾಕೆ ಯಾವಾಗಲೂ ಜಗಳವಾಡುತ್ತಾರೆ? ನಾವು ಜಗಳವಾಡುತ್ತಿರುವುದಿಲ್ಲ, ಊಟ ಆಯಿತೇ ಎಂದು ಒಬ್ಬರನ್ನೊಬ್ಬರು ವಿಚಾರಿಸುತ್ತಿರುತ್ತೇವೆ. ಓಣಿಯ ಎರಡೂ ಬದಿಗೆ ಮನೆಮನೆಯಲ್ಲಿ ವಿದ್ಯುತ್ ಮಗ್ಗಗಳು ಬೆಳಗಿನಿಂದ ಖಟಖಟ ಎನ್ನುತ್ತಿರುವಾಗ ಮೆಲ್ಲಗೆ ಆಡಿದ ಮಾತು ಆಡಿದವನ ಕಿವಿಗೇ ಮುಟ್ಟುವುದಿಲ್ಲ. ಅದಕ್ಕೆ ನಾವು ಪ್ರೀತಿಯನ್ನೂ ಗಂಟಲು ಹರಿಯುವಂತೆ ಕೂಗಿಯೇ ಹೇಳುತ್ತೇವೆ.

ಮಗ್ಗದ ಕೋಣೆಯ ಒಳಗಂತೂ ಕೂಗಿದರೂ ಪ್ರಯೋಜನವಿಲ್ಲ. ಅಲ್ಲಿ ಕೈಯೇ ಬಾಯಿ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ ಎಂದರ್ಥ. ತೋರುಬೆರಳನ್ನು ಗಿರಗಿರ ತಿರುಗಿಸಿದರೆ ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿದಿದೆ, ಹೊಸದು ಬೇಕು. ಹೆಬ್ಬೆರಳು ತುಟಿಗೆ ಹೋದರೆ ಚಹಾ. ತಲೆಯ ಸುತ್ತ ಕೈ ತಿರುಗಿಸಿದರೆ ರಬಕವಿಯ ಸೀರೆ ವ್ಯಾಪಾರಿ ಬಂದಿದ್ದಾರೆ. ಅವರು ರುಮಾಲು ಸುತ್ತುವುದಿಲ್ಲ, ಅವರ ಅಜ್ಜ ಸುತ್ತುತ್ತಿದ್ದರು; ರುಮಾಲು ಹೋಗಿ ಸನ್ನೆ ಮಾತ್ರ ಉಳಿದಿದೆ. ಇನ್ನು ಅಂಗೈ ಅಗಲಿಸಿ ಮುಂದೆ ಚಾಚಿದರೆ, ಮಗ್ಗ ನಿಲ್ಲಿಸು. ಈ ಒಂದು ಸನ್ನೆಗೆ ನಮ್ಮಪ್ಪ ಕಾಯ್ದೆ ಮಾಡಿದ್ದ. ಅಂಗೈ ತೋರಿಸಿದವರು ಯಾರೇ ಇರಲಿ, ಮೊದಲು ಮಗ್ಗ ನಿಲ್ಲಿಸಬೇಕು, ಯಾಕೆಂದು ಆಮೇಲೆ ಕೇಳಬೇಕು. ಯಾರದೋ ಸೆರಗು ಮೋಟಾರಿನ ಪಟ್ಟಿಗೆ ಸಿಕ್ಕಿರಬಹುದು, ಯಾರದೋ ಬೆರಳು ಲಾಳಿಯ ದಾರಿಯಲ್ಲಿರಬಹುದು. ಮಾಲಕ, ಆಳು ಎಂಬ ಭೇದ ಆ ಸನ್ನೆಗೆ ಇರಲಿಲ್ಲ.

ದಿನವಿಡೀ ಹೀಗೆ ಮೂಕನಾಗಿ ದುಡಿಯುವ ನಾನು ಮಗ್ಗ ಬಿಟ್ಟು ಹೊರಬಿದ್ದರೆ ಮಹಾ ಮಾತುಗಾರ. ಮೈಕು ಕಂಡರೆ ನನಗೆ ವಯಸ್ಸು ಮರೆತುಹೋಗುತ್ತದೆ. ಬೀಳಗಿಯಲ್ಲಿ ಮದುವೆಯಿರಲಿ, ಮುಧೋಳದಲ್ಲಿ ಶಾಲೆಯ ಸಮಾರಂಭವಿರಲಿ, ನಾಲ್ಕು ಹಿತದ ಮಾತು ಹೇಳಲು ಕರೆಯುತ್ತಾರೆ, ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತೇನೆ. ವಿಷಯ ಬಹುತೇಕ ಒಂದೇ: ಬದುಕಿಗೆ ಗುರಿ ಬೇಕು, ಯಾವುದನ್ನು ದೊಡ್ಡದೆಂದು ಬಾಯಲ್ಲಿ ಹೇಳುತ್ತೇವೋ ಅದು ನಮ್ಮ ದಿನದಲ್ಲಿ ಕಾಣಬೇಕು. ನಿಮಗೆ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಜನರನ್ನು ಕೇಳುತ್ತೇನೆ. ನನಗೆ ನನ್ನ ಮನೆಯ ಮಕ್ಕಳು ಎಂದು ನಾನೇ ಉತ್ತರಿಸಿ ಸ್ವಲ್ಪ ತಡೆಯುತ್ತೇನೆ, ಅಲ್ಲಿ ಚಪ್ಪಾಳೆ ಬೀಳುತ್ತದೆ. ಮನೆಗೆ ಬಂದು ಇದನ್ನೆಲ್ಲ ವರ್ಣಿಸಿದರೆ ಕಂಡಿಕೆ ಸುತ್ತುತ್ತ ಕುಳಿತ ಹೆಂಡತಿಯದು ಒಂದೇ ಮಾತು: “ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ.”

ಇಂಥ ಮಾತುಗಾರನ ಮೊಮ್ಮಗಳಿಗೆ ಮೂರು ತುಂಬುತ್ತ ಬಂದರೂ ಮಾತು ಬರಲಿಲ್ಲ. ಹುಡುಗಿ ಚುರುಕು. ನಗುತ್ತಿದ್ದಳು, ಹಟ ಮಾಡುತ್ತಿದ್ದಳು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಆದರೆ ಅವ್ವ, ಅಪ್ಪ ಎಂಬ ಒಂದು ಶಬ್ದವೂ ಬಾಯಿಂದ ಹೊರಡದು. ಓಣಿಯವರು ಬಜೆ ತೇಯ್ದು ನಾಲಿಗೆಗೆ ಹಚ್ಚಿ ಎಂದರು, ಹಚ್ಚಿದೆವು. ಅವಳಪ್ಪನಿಗೂ ಮಾತು ತಡವಾಗಿ ಬಂದಿತ್ತು ಎಂದರು, ಅದನ್ನೂ ನಂಬಿದೆವು. ಸೊಸೆ ಮಾತ್ರ ನಂಬಲಿಲ್ಲ. ಅವಳು ಲೋಕಾಪುರದ ಕಡೆಯ ಒಕ್ಕಲುತನದ ಮನೆಯವಳು. ಅಲ್ಲಿ ಎತ್ತುಗಳನ್ನೂ ಎಮ್ಮೆಯನ್ನೂ ಮಾತಾಡಿಸುತ್ತಲೇ ದಿನ ಕಳೆಯುತ್ತದೆ. ನಮ್ಮ ಮನೆಗೆ ಬಂದ ಹೊಸತರಲ್ಲಿ ಮಗ್ಗದ ಸದ್ದಿಗೆ ತಲೆನೋವೆಂದು ಮಲಗುತ್ತಿದ್ದಳು, ಆಮೇಲೆ ಸನ್ನೆ ಕಲಿತು ಸುಮ್ಮನಾದಳು. ಒಂದು ದಿನ ನನಗೆ ಚಹಾ ಕೊಟ್ಟು ಅಲ್ಲೇ ನಿಂತಳು.

“ಮಾವಾರೀ, ಇಕಿ ನನ್ನ ಅವ್ವಾ ಅಂತ ಒಮ್ಮಿನೂ ಕರಿಯೂದಿಲ್ಲೇನ್ರಿ?” ಎಂದು ಕೇಳಿದಳು.

ಮರುದಿನವೇ ಎಲ್ಲರೂ ಬಸ್ಸು ಹತ್ತಿ ಜಮಖಂಡಿಗೆ ಹೋದೆವು.

ಅಲ್ಲಿಯ ಮಕ್ಕಳ ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯವರೇ. ಕಿವಿ ಪರೀಕ್ಷೆ ಮಾಡಿಸಿದರು, ನಾಲಿಗೆ ನೋಡಿದರು, ಮಗುವಿನ ಕೈಗೆ ಆಟಿಕೆ ಕೊಟ್ಟು ಸುಮ್ಮನೆ ಗಮನಿಸಿದರು. ಯಾವ ದೋಷವೂ ಇರಲಿಲ್ಲ. ಮನೆಯಲ್ಲಿ ಇವಳ ಜೊತೆ ಹೆಚ್ಚು ಮಾತಾಡುವವರು ಯಾರು ಎಂದು ಕೇಳಿದರು. ನನ್ನ ಮಗ ತನ್ನ ತಾಯಿಯನ್ನು ತೋರಿಸಿದ, ಅವಳು ಸೊಸೆಯನ್ನು ತೋರಿಸಿದಳು, ಸೊಸೆ ನನ್ನನ್ನು ತೋರಿಸಿದಳು. ನಮ್ಮ ಮಾವನವರು ಬಹಳ ಚೆನ್ನಾಗಿ ಮಾತಾಡುತ್ತಾರೆ ಎಂದೂ ಸೇರಿಸಿದಳು, ಪಾಪ. ಡಾಕ್ಟರು ನನ್ನ ಮುಖ ನೋಡಿದರು. “ನೀರ ಬಿಡಲಾರದ ಬೆಳಿ ಬರಲಿಲ್ಲ ಅಂದ್ರ ಹೆಂಗ್ರಿ ಅಜ್ಜಾರ?” ಎಂದರು. ದಿನಾ ಸ್ವಲ್ಪ ಹೊತ್ತು ಸದ್ದಿಲ್ಲದ ಕಡೆ ಕೂತು ಮಾತಾಡಿಸಿ, ದೀಪಾವಳಿಯೊಳಗೆ ಕರೆತನ್ನಿ, ಅಷ್ಟಕ್ಕೂ ಮಾತು ಬಾರದಿದ್ದರೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳಿಸೋಣ ಎಂದು ಹೇಳಿ ಕಳಿಸಿದರು.

ನನಗೆ ಸಿಟ್ಟು ಬಂದಿತ್ತು. ಬಸ್ಸಿನಲ್ಲಿ ಕೂತು ಆ ಸಿಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರೆ ಒಳಗೆ ಬೇರೆಯೇ ಒಂದು ಕುತೂಹಲವಿತ್ತು. ಇಷ್ಟು ಚುರುಕಾದ ಮಗು, ಮಾತಿಲ್ಲದೆ ಇಷ್ಟು ದಿನ ಹೇಗೆ ನಿಭಾಯಿಸಿತು? ಹಸಿವಾದರೆ ನಮಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತು? ಇದನ್ನು ಕಂಡುಹಿಡಿಯದೆ ಬಿಡಬಾರದು ಎನ್ನಿಸಿತು. ಮರುದಿನದಿಂದ ಮಗ್ಗದ ಮುಂದೆ ನಿಂತೇ ಒಂದು ಕಣ್ಣನ್ನು ಅವಳ ಮೇಲೆ ಇಟ್ಟೆ.

ಕಂಡದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಹುಡುಗಿ ಬೆಳಗಿನಿಂದ ಬಾಯಿ ಮುಚ್ಚಿರಲೇ ಇಲ್ಲ, ಅಂದರೆ ಕೈ ಮುಚ್ಚಿರಲಿಲ್ಲ. ಹಾಲು ಬೇಕಾದರೆ ಹೆಬ್ಬೆರಳು ತುಟಿಗೆ. ರೊಟ್ಟಿ ಮುಗಿದರೆ ತೋರುಬೆರಳು ಗಿರಗಿರ. ಗೊಂಬೆಯ ಕೈ ಕಿತ್ತುಬಂದರೆ ಎರಡು ಬೆರಳ ಕತ್ತರಿ. ಮನೆಗೆ ಯಾರೇ ಬರಲಿ, ಹಾಲಿನವನೇ ಬರಲಿ, ತಲೆಯ ಸುತ್ತ ರುಮಾಲು. ಮಗ್ಗದ ಕೋಣೆಯ ಅಷ್ಟೂ ಸನ್ನೆಗಳನ್ನು ಕಲಿತು ತನ್ನ ಸಂಸಾರಕ್ಕೆ ಹೊಂದಿಸಿಕೊಂಡಿದ್ದಳು. ಮಾತು ಕಲಿಯಲಿಲ್ಲ ಎಂದು ನಾವು ಕೊರಗುತ್ತಿದ್ದೆವು. ಮನೆಯಲ್ಲಿ ನಡೆಯುತ್ತಿದ್ದ ಮಾತು ಯಾವುದೋ ಅದನ್ನು ಅವಳು ಚೊಕ್ಕಟವಾಗಿ ಕಲಿತಿದ್ದಳು.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಕರೆಂಟ್ ಹೋದರೆ ಬನಹಟ್ಟಿಯಲ್ಲಿ ಬೈಯದವರಿಲ್ಲ. ನನ್ನ ಮಗನಂತೂ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದುಬಿಡುತ್ತಾನೆ. ಮೊಮ್ಮಗಳು ಮಾತ್ರ ಎಲ್ಲಿದ್ದರೂ ಓಡಿ ಒಳಗೆ ಬರುತ್ತಿದ್ದಳು. ಬಂದು ಎಲ್ಲರ ನಡುವೆ ನಿಂತು ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ಕರೆಂಟ್ ಬಂದು ಮೋಟಾರು ಗುರ್ ಎಂದೊಡನೆ ಅವಳ ಮುಖ ಸಣ್ಣದಾಗುತ್ತಿತ್ತು, ಅಂಗೈ ಅಗಲಿಸಿ ನನ್ನ ಕಡೆ ಚಾಚುತ್ತಿದ್ದಳು. ಹೀಗೆ ಅಂಗೈ ಚಾಚುವುದನ್ನು ಎಷ್ಟೋ ತಿಂಗಳಿಂದ ಕಾಣುತ್ತಿದ್ದೆ. ನಮ್ಮಪ್ಪನ ಮೊಮ್ಮಗನ ಮಗಳು, ರಕ್ತದಲ್ಲೇ ಮಗ್ಗ ಬಂದಿದೆ ಎಂದು ಬಂದವರಿಗೆಲ್ಲ ತೋರಿಸಿ ನಕ್ಕಿದ್ದೆ. ಈ ಸಲ ಹಾಗೆ ನಗುವ ಮೊದಲೇ ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.

“ಆಕಿ ಆಟ ಆಡಾಕತ್ತಿಲ್ರಿ. ನಿಲ್ಸ ಅನ್ನಾಕತ್ತಾಳ,” ಎಂದಳು. “ನಿಮ್ಮಪ್ಪನ ಕಾಯ್ದೆ ಆಕಿಗೆ ಇಲ್ಲೇನು?”

ಅಂದಿನಿಂದ ಸಂಜೆ ಐದಕ್ಕೆ ನಮ್ಮ ಮನೆಯ ಮಗ್ಗಗಳನ್ನು ನಿಲ್ಲಿಸುವುದೆಂದು ಹೇಳಿಬಿಟ್ಟೆ. ಮಗ ಮುಖ ಗಂಟಿಕ್ಕಿದ. ಮದುವೆ ಸೀಜನ್ನು ಹತ್ತಿರ ಬಂದಿತ್ತು, ಓಣಿಯಲ್ಲಿ ಯಾರೂ ಹಗಲು ಹೊತ್ತು ಮಗ್ಗ ನಿಲ್ಲಿಸುವವರಿರಲಿಲ್ಲ. ಆದರೂ ನಿಲ್ಲಿಸಿದೆವು. ಅಕ್ಕಪಕ್ಕದವರ ಸದ್ದು ಇದ್ದೇ ಇತ್ತು, ಅದಕ್ಕೆ ಹಿಂದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತೆವು. ಕೂತ ಮೇಲೆ ಗೊತ್ತಾಯಿತು, ನನಗೆ ಮಾತಾಡಲು ಬರುವುದಿಲ್ಲ ಎಂದು. ಗಂಟಲು ಸರಿಮಾಡಿಕೊಂಡು ಕೆರೆ, ಹುಲಿ, ಬ್ರಾಹ್ಮಣ ಎಂದು ಕಥೆ ಶುರು ಮಾಡಿದರೆ ನನ್ನ ದನಿ ಮುಧೋಳದ ಶಾಲೆಯ ಮೈದಾನಕ್ಕೆ ಸಾಕಾಗುವಷ್ಟು ದೊಡ್ಡದಾಗಿ ಬಂತು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಎದ್ದುಹೋದಳು. ನನ್ನ ಭಾಷಣದಿಂದ ಎದ್ದುಹೋದವರಲ್ಲಿ ಅವಳೇ ಮೊದಲಿಗಳು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಮೊಮ್ಮಗಳು ಯಾವುದಕ್ಕೆ ಕೂರುತ್ತಾಳೆ ಎಂದು ಹುಡುಕುವುದೇ ಆಮೇಲೆ ನನ್ನ ಸಂಜೆಯ ಹವ್ಯಾಸವಾಯಿತು. ರಾಜ, ರಾಣಿ ಬೇಡ. ದೇವರೂ ಬೇಡ. ಇವತ್ತು ನಿಮ್ಮಪ್ಪನ ಮಗ್ಗದಲ್ಲಿ ಎಳೆ ಕಡಿಯಿತು, ಅವನು ಬೈದ, ಬೈಯುವಾಗ ಅವನ ಮೀಸೆ ಹೀಗೆ ಕುಣಿಯಿತು ಎಂದು ಮೆಲ್ಲಗೆ ಹೇಳಿದರೆ ಕಣ್ಣು ಅರಳಿಸಿ ಕೂರುತ್ತಿದ್ದಳು. ಸೊಸೆ ರೊಟ್ಟಿ ಬಡಿಯುತ್ತ ತನ್ನ ತವರಿನ ಎಮ್ಮೆಯ ಸುದ್ದಿ ತೆಗೆದಳು. ಈ ಹೆಣ್ಣುಮಗಳು ಇಷ್ಟು ಚೆಂದ ಮಾತಾಡುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೆಲವು ದಿನಗಳಲ್ಲಿ ಮಗನೂ ಮುಖದ ಗಂಟು ಬಿಚ್ಚಿ ಬಂದು ಕೂತ. ಮೊಮ್ಮಗಳು ತುಟಿ ಅಲ್ಲಾಡಿಸುತ್ತಿದ್ದಳು, ಊಂ, ಬೂ ಎಂದೇನೋ ಗುನುಗುತ್ತಿದ್ದಳು. ಮಾತು ಮಾತ್ರ ಹೊರಬರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಸೊಸೆ ಬೆಳಗಾವಿಯ ಬಸ್ಸಿನ ವೇಳೆ ವಿಚಾರಿಸಿಟ್ಟಿದ್ದಳು.

ಅಷ್ಟರಲ್ಲಿ ಮುಧೋಳದ ಶಾಲೆಯವರು ಮತ್ತೆ ಕರೆಯಲು ಬಂದರು. ವಿಷಯ ನನ್ನದೇ: ಗುರಿಯುಳ್ಳ ಬದುಕು. ಸಮಯ ಸಂಜೆ ಐದು. ಆ ಹೊತ್ತಿಗೆ ನನಗೆ ಬೇರೆ ಕಡೆ ಕಾರ್ಯಕ್ರಮವಿದೆ ಎಂದೆ. ದೊಡ್ಡ ಸಭೆಯೇ ಎಂದು ಕೇಳಿದರು. ದೊಡ್ಡದಲ್ಲ, ಆದರೆ ಕೇಳುವವರು ಬಹಳ ಕಟ್ಟುನಿಟ್ಟು ಎಂದು ಹೇಳಿ ಚಹಾ ಕುಡಿಸಿ ಕಳಿಸಿದೆ. ಮೈಕು ಬಿಟ್ಟುಕೊಡಲು ಮನಸ್ಸಿರಲಿಲ್ಲ, ಸುಳ್ಳು ಹೇಳಲಾರೆ.

ಅದಾದ ವಾರದಲ್ಲೇ ರಬಕವಿಯ ವ್ಯಾಪಾರಿ ನಡುಮಧ್ಯಾಹ್ನ ಬಂದು ಮಗ್ಗದ ಕೋಣೆಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಅವರಿಗೆ ಸೀರೆಗಳು ಅವತ್ತೇ ಬೇಕಿದ್ದವು, ಹೊರಗೆ ಗಾಡಿ ನಿಂತಿತ್ತು. ಕೊನೆಯ ಸೀರೆಯ ಸೆರಗು ಮಗ್ಗದ ಮೇಲಿತ್ತು. ಐದು ಹೊಡೆದದ್ದು ನನಗೆ ಗೊತ್ತಾಯಿತು, ಗೊತ್ತಾಗದವನಂತೆ ಇದ್ದೆ. ಇಷ್ಟು ದಿನ ನಡೆಸಿದ್ದೇವೆ, ಇವತ್ತೊಂದು ದಿನಕ್ಕೆ ಏನಾದೀತು ಎಂದುಕೊಂಡೆ. ಆಗ ಬಾಗಿಲಲ್ಲಿ ಮೊಮ್ಮಗಳು ಕಂಡಳು. ಒಳಗೆ ಬಂದು, ನನ್ನ ಮುಂದೆ ನಿಂತು, ಅಂಗೈ ಅಗಲಿಸಿ ಚಾಚಿದಳು. ವ್ಯಾಪಾರಿ ನಕ್ಕರು. ನಡೆಯಲಿ ನಡೆಯಲಿ ಎಂದು ನನಗೆ ಕೈ ಮಾಡಿದರು. ಅವಳು ಕೈ ಇಳಿಸಲಿಲ್ಲ.

ನಾನು ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದೆ. ನನ್ನ ಮಗ್ಗ ನಿಂತಿತು. ನನ್ನ ಕಡೆ ನೋಡಿದ ಮಗನೂ ತನ್ನದನ್ನು ನಿಲ್ಲಿಸಿದ.

ಹುಡುಗಿ ನನ್ನ ಕಡೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಮೂಲೆಯಲ್ಲಿ ಅವಳ ತಾಯಿ ಬೆನ್ನು ಮಾಡಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಹುಡುಗಿ ಆ ಕಡೆ ತಿರುಗಿ “ಅವ್ವಾ” ಎಂದಳು.

ಸೊಸೆ ಹೊರಳಲಿಲ್ಲ. ಆ ಕೋಣೆಯಲ್ಲಿ ಅವಳನ್ನು ಯಾರೂ ದನಿಯಿಂದ ಕರೆದದ್ದೇ ಇಲ್ಲ. ಅದು ತನಗೆ ಎಂದು ಅವಳಿಗೆ ತೋಚಲಿಲ್ಲ. ಮೊಮ್ಮಗಳು ಇನ್ನೊಮ್ಮೆ, ಸ್ವಲ್ಪವೂ ಅವಸರವಿಲ್ಲದೆ, ಬಹಳ ದಿನದಿಂದ ರೂಢಿಯಿದ್ದವಳ ಹಾಗೆ ಕರೆದಳು. ಆಗ ಸೊಸೆಯ ಕೈಯಿಂದ ಕಂಡಿಕೆ ಜಾರಿ ಉರುಳಿತು.

ಅವಳು ಮಗುವನ್ನು ಎದೆಗೊತ್ತಿಕೊಂಡು ಅತ್ತಳು, ಒಳಗಿನಿಂದ ಓಡಿಬಂದ ಹೆಂಡತಿ ಅತ್ತಳು, ನಾನೂ ಅತ್ತೆ. ವ್ಯಾಪಾರಿ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಗಾಡಿಯವನಿಗೆ ಕಾಯಲು ಹೇಳಿ ಬಂದರು. ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕು ಕೂತಿದೆ, ಡಾಕ್ಟರನ್ನು ಕೇಳಿದರೂ ಬಗೆಹರಿದಿಲ್ಲ. ಅದು ಅವಳು ಅವ್ವನನ್ನು ಕರೆದ ಮೊದಲ ಸಲವೋ, ಅಥವಾ ನಮಗೆ ಕೇಳಿಸಿದ ಮೊದಲ ಸಲವೋ?